ಗಂಟೆಯ ಹಗ್ಗದಿಂದ ಮುಚ್ಚಿದ ಬಾಗಿಲಿನವರೆಗೆ: ನಮ್ಮ ಬಸ್ಸುಗಳ ಸುರಕ್ಷತೆಯ ಕಥೆ



ಹೋದ ತಿಂಗಳು ಬಂಧುಗಳೊಬ್ಬರ ಗೃಹಪ್ರವೇಶಕ್ಕೆಂದು ಬಳ್ಳಾರಿಯಿಂದ ರೂಪನಗುಡಿಗೆ ಬಸ್ಸಿನಲ್ಲಿ ಹೋದೆ. ಮಗ ಕಾರಿನಲ್ಲಿ ಬಿಡುತ್ತೇನೆಂದು ಎಷ್ಟೇ ಹೇಳಿದರೂ ನಾನು ಒಪ್ಪಲಿಲ್ಲ. ಎಂಬತ್ತರ ಹೊಸ್ತಿಲಿನಲ್ಲಿ ಇರುವವನಿಗೆ ಬಸ್ಸು ಬರಿಯ ವಾಹನವಲ್ಲ, ಹಳೆಯ ಪರಿಚಯದವರನ್ನು ಕಾಣುವ ಕಟ್ಟೆ. ಬಸ್ಸು ಹೊರಡುವ ಮೊದಲು ನಿರ್ವಾಹಕಿಯಾಗಿದ್ದ ಹುಡುಗಿ ಬಾಗಿಲನ್ನು ಎಳೆದು ಮುಚ್ಚಿ, ನನ್ನ ಕಡೆ ತಿರುಗಿ, "ತಾತಾ, ಮೊದ್ಲು ಕುಂದ್ರು, ಆಮೇಲೆ ಟಿಕೇಟು" ಎಂದಳು. ನಾನು ಕುಳಿತ ಮೇಲೆಯೇ ಅವಳು ಸೀಟಿ ಊದಿದ್ದು. ಎಷ್ಟು ಚಿಕ್ಕ ಸಂಗತಿ! ಆದರೆ ಆ ಮುಚ್ಚಿದ ಬಾಗಿಲನ್ನು ನೋಡುತ್ತಾ ನನ್ನ ಮನಸ್ಸು ನಲವತ್ತು ವರ್ಷ ಹಿಂದಕ್ಕೆ ಹೋಯಿತು. ತೆರೆದ ಬಾಗಿಲೊಂದರ ನೆನಪು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ತರಗತಿಯಲ್ಲಿ ನಿಮಗೆ ತಾಳೀಕೋಟೆಯ ಯುದ್ಧವನ್ನು ಹೇಳಿದೆ, ಬಳ್ಳಾರಿ ಕೋಟೆಯ ಕಥೆಯನ್ನು ಹೇಳಿದೆ. ಆದರೆ ನಿಮ್ಮಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯನ್ನು ದಿನವೂ ಶಾಲೆಗೆ ತಂದು ಬಿಡುತ್ತಿದ್ದ ಬಸ್ಸಿನ ಇತಿಹಾಸವನ್ನು ಒಂದು ದಿನವೂ ಹೇಳಲಿಲ್ಲ. ಆ ಬಾಕಿಯನ್ನು ಈಗ ತೀರಿಸುವ ಪ್ರಯತ್ನ ಇದು.

ನಮ್ಮ ಜಿಲ್ಲೆ ಮೊದಲು ಮದರಾಸು ಪ್ರಾಂತ್ಯಕ್ಕೆ ಸೇರಿತ್ತೆಂಬುದನ್ನು ನೀವು ಬಲ್ಲಿರಿ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೊದಲಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಆಗ ನನಗೆ ಎಂಟು ವರ್ಷ. ನಾಡು ಎರಡಾದರೂ ಬಸ್ಸಿನ ದಾರಿಗಳು ಎರಡಾಗಲಿಲ್ಲ. ಸಂತೆಗೆ, ಜಾತ್ರೆಗೆ, ಮದುವೆಗೆ ಜನ ಗಡಿಯ ಆಚೆಗೂ ಈಚೆಗೂ ಮೊದಲಿನಂತೆಯೇ ಓಡಾಡಿದರು.

ಬ್ರಿಟಿಷರ ಕಾಲದಲ್ಲಿ ಮೋಟಾರುಗಳಿಗೆಂದು ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆ ಬಂದದ್ದು 1914ರಲ್ಲಿ. ವಾಹನಕ್ಕೆ ನೋಂದಣಿ ಇರಬೇಕು, ನಡೆಸುವವನಿಗೆ ಲೈಸೆನ್ಸು ಇರಬೇಕು ಎಂಬುದೇ ಅದರ ಮುಖ್ಯ ಸಾರ. ಪ್ರಯಾಣಿಕರನ್ನು ಕೊಂಡೊಯ್ಯುವ ಬಸ್ಸು ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಜನರನ್ನು ಹೊತ್ತು ಹೋಗಬೇಕೆಂಬುದನ್ನು ಪರ್ಮಿಟ್ಟಿನ ಮೂಲಕ ಕಟ್ಟುನಿಟ್ಟುಗೊಳಿಸಿದ್ದು 1939ರ ಮೋಟಾರು ವಾಹನ ಕಾಯ್ದೆ. ಬಸ್ಸಿನಡಿ ಸಿಕ್ಕಿ ಸತ್ತವನ ಕುಟುಂಬಕ್ಕೆ ಪರಿಹಾರ ದೊರೆಯಲೆಂದು ವಿಮೆಯನ್ನು ಕಡ್ಡಾಯ ಮಾಡುವ ಭಾಗವೂ ಅದೇ ಕಾಯ್ದೆಯಲ್ಲಿತ್ತು. ಆದರೆ ಆ ಭಾಗ ಜಾರಿಗೆ ಬಂದದ್ದು 1946ರ ಜುಲೈ 1ರಂದು. ನಡುವೆ ಮಹಾಯುದ್ಧ ಬಂದಿತ್ತು.

ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ಉದ್ದನೆಯ ಒಲೆಯಂಥ ಉಕ್ಕಿನ ಪೀಪಾಯಿ. ಹೊರಡುವುದಕ್ಕೆ ಮುಂಚೆ ಕ್ಲೀನರ್ ತಿದಿಯಂತೆ ಗಾಳಿಯಂತ್ರವನ್ನು ತಿರುವಿ ಇದ್ದಿಲನ್ನು ಕೆಂಡ ಮಾಡಬೇಕಿತ್ತು. ಏರು ಬಂದರೆ ಗಂಡಸರೆಲ್ಲ ಇಳಿದು ತಳ್ಳುವುದೇ ಪದ್ಧತಿ. ಇದನ್ನು ನಮ್ಮ ತಂದೆಯವರು ಹೇಳಿ ನಗುತ್ತಿದ್ದರು. ಅಂಥ ಬಸ್ಸು ಗಂಟೆಗೆ ಎಷ್ಟು ಮೈಲಿ ಓಡೀತು? ಆ ಕಾಲದ ಪ್ರಯಾಣಿಕನನ್ನು ಕಾಪಾಡಿದ್ದು ಕಾಯ್ದೆಯಲ್ಲ, ವೇಗವಿಲ್ಲದ ಎಂಜಿನ್ನು ಎಂದು ನನಗೆ ಅನ್ನಿಸುತ್ತದೆ.

ನಾನು ಕಣ್ಣಾರೆ ಕಂಡದ್ದು ಐವತ್ತರ ದಶಕದ ಖಾಸಗಿ ಬಸ್ಸುಗಳನ್ನು. ಮುಂದೆ ಉದ್ದ ಮೂತಿ. ಕ್ಲೀನರ್ ಮುಂದೆ ನಿಂತು ಹ್ಯಾಂಡಲ್ ಹೊಡೆದರೆ ಗಡಗಡನೆ ಸ್ಟಾರ್ಟ್ ಆಗುತ್ತಿತ್ತು. ಹ್ಯಾಂಡ್ ಬ್ರೇಕಿನ ಮೇಲೆ ಯಾರಿಗೂ ಪೂರ್ಣ ನಂಬಿಕೆ ಇರಲಿಲ್ಲ. ಆದ್ದರಿಂದ ಬಸ್ಸು ನಿಂತ ಕೂಡಲೇ ಕ್ಲೀನರ್ ಜಿಗಿದು ಹಿಂದಿನ ಗಾಲಿಗೆ ಮರದ ತುಂಡನ್ನು ಕೊಡುತ್ತಿದ್ದ. ಹಿಂಬದಿಯ ಏಣಿ ಹತ್ತಿ ಟಾಪಿನ ಮೇಲೆ ಹತ್ತಿ ಮೂಟೆ, ಮೆಣಸಿನಕಾಯಿ ಚೀಲ, ಅವುಗಳ ನಡುವೆ ಮನುಷ್ಯರು. ಒಳಗೆ ಸೂರಿನುದ್ದಕ್ಕೂ ಒಂದು ಹಗ್ಗ. ಹಗ್ಗದ ತುದಿಗೆ ಚಾಲಕನ ತಲೆಯ ಮೇಲೆ ಒಂದು ಗಂಟೆ. ಒಂದು ಸಲ ಬಾರಿಸಿದರೆ ನಿಲ್ಲು, ಎರಡು ಸಲ ಬಾರಿಸಿದರೆ ಹೊರಡು.

ಆ ಹಗ್ಗವನ್ನು ನಾವು ಹುಡುಗರು ಆಟದ ಸಾಮಾನೆಂದು ತಿಳಿದಿದ್ದೆವು. ಈಗ ಯೋಚಿಸಿದರೆ, ನಮ್ಮ ಬಸ್ಸುಗಳಲ್ಲಿದ್ದ ಮೊದಲ ಸುರಕ್ಷಾ ಸಾಧನ ಅದೇ. ಚಾಲಕನಿಗೆ ಹಿಂದಿನ ಬಾಗಿಲು ಕಾಣುವುದಿಲ್ಲ. ಮುದುಕಿಯೊಬ್ಬಳು ಒಂದು ಕಾಲನ್ನು ಮೆಟ್ಟಿಲ ಮೇಲೆ, ಇನ್ನೊಂದನ್ನು ನೆಲದ ಮೇಲೆ ಇಟ್ಟಿದ್ದಾಳೆಂಬುದು ಅವನಿಗೆ ತಿಳಿಯುವುದು ನಿರ್ವಾಹಕನ ಕೈಯಲ್ಲಿರುವ ಹಗ್ಗದಿಂದ ಮಾತ್ರ. ಹಗ್ಗ ಹೋಗಿ ಸೀಟಿ ಬಂತು, "ರೈಟ್ ರೈಟ್", "ಹೋಲ್ಡಾನ್" ಬಂದವು. ಬಸ್ಸಿನೊಳಗೆ ಇಬ್ಬರು ನೌಕರರು ಇರುವುದು ಟಿಕೆಟ್ ಹರಿಯುವುದಕ್ಕಾಗಿ ಮಾತ್ರವಲ್ಲ ಎಂಬ ಮಾತು ಇಂದಿಗೂ ನಿಜವೇ.

ಆ ಕಾಲದ ದೊಡ್ಡ ಅಪಾಯ ಬೇರೊಂದಿತ್ತು. ಒಂದೇ ದಾರಿಯಲ್ಲಿ ಇಬ್ಬರು ಮಾಲೀಕರ ಬಸ್ಸುಗಳು ಹತ್ತು ನಿಮಿಷದ ಅಂತರದಲ್ಲಿ ಹೊರಡುತ್ತಿದ್ದವು. ಮುಂದಿನ ಹಳ್ಳಿಯ ಕಟ್ಟೆಯ ಮೇಲೆ ಕುಳಿತ ಜನ ಯಾರ ಪಾಲಿಗೆ? ಮೊದಲು ಮುಟ್ಟಿದವನ ಪಾಲಿಗೆ. ದಿನದ ಕಲೆಕ್ಷನ್ನಿನ ಮೇಲೆ ಚಾಲಕ ನಿರ್ವಾಹಕರ ಬತ್ತೆ ನಿಂತಿತ್ತು. ಹಾಗಾಗಿ ಓಟಕ್ಕೆ ಬಿದ್ದವನು ಕೆಟ್ಟ ಚಾಲಕನೇ ಆಗಬೇಕಿರಲಿಲ್ಲ. ಮನೆಯಲ್ಲಿ ಉಣ್ಣುವ ಬಾಯಿಗಳು ಹೆಚ್ಚಿದ್ದ ಒಳ್ಳೆಯ ಚಾಲಕನೂ ಓಟಕ್ಕೆ ಬೀಳುತ್ತಿದ್ದ. ಎರಡು ಬಸ್ಸುಗಳು ಸಮಸಮವಾಗಿ ಧೂಳೆಬ್ಬಿಸುತ್ತಾ ಬರುವಾಗ ನಾವು ಹುಡುಗರು ಚಪ್ಪಾಳೆ ತಟ್ಟುತ್ತಿದ್ದುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಈ ಪೈಪೋಟಿಗೆ ಒಂದು ಉತ್ತರವಾಗಿ ಬಂದದ್ದೇ ಸರಕಾರಿ ಸಾರಿಗೆ. ಹಳೆಯ ಮೈಸೂರು ಸೀಮೆಯಲ್ಲಿ 1948ರ ಸೆಪ್ಟೆಂಬರ್ 12ರಂದು ಮೈಸೂರು ಸರಕಾರಿ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. 1950ರಲ್ಲಿ ಸಂಸತ್ತು ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯನ್ನು ಮಾಡಿತು. 1956ರ ತಿದ್ದುಪಡಿಯು ಮಾರ್ಗಗಳನ್ನು ರಾಷ್ಟ್ರೀಕರಣ ಮಾಡುವ ಕ್ರಮವನ್ನು ಗೊತ್ತುಪಡಿಸಿತಲ್ಲದೆ, ಅಪಘಾತದ ಪರಿಹಾರಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿಗಳಿಗೂ ದಾರಿ ಮಾಡಿತು. 1961ರ ಆಗಸ್ಟ್ 1ರಂದು ಇಲಾಖೆ ನಿಗಮವಾಯಿತು. 1973ರಲ್ಲಿ ರಾಜ್ಯ ಕರ್ನಾಟಕವೆಂದಾದ ಮೇಲೆ ನಿಗಮದ ಹೆಸರೂ ಬದಲಾಯಿತು.

1961ರಲ್ಲಿಯೇ ಇನ್ನೊಂದು ಕಾಯ್ದೆ ಬಂತು. ಅದರ ಹೆಸರು ಬಹಳ ಜನಕ್ಕೆ ಗೊತ್ತಿಲ್ಲ: ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ. ಚಾಲಕನ ದುಡಿಮೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದೆಂದು ಅದು ಹೇಳಿತು. ಇದನ್ನು ಕಾರ್ಮಿಕರ ಸವಲತ್ತು ಎಂದಷ್ಟೇ ನೋಡಬಾರದು. ನಿದ್ದೆಗೆಟ್ಟ ಕಣ್ಣಿಗೆ ಎದುರಿನ ಎತ್ತಿನ ಗಾಡಿ ಕಾಣುವುದಿಲ್ಲ. ಚಾಲಕನ ನಿದ್ದೆ ಅವನೊಬ್ಬನ ಸೊತ್ತಲ್ಲ, ಬಸ್ಸಿನಲ್ಲಿ ಕುಳಿತ ಐವತ್ತು ಜನರ ಸೊತ್ತು. ನಿಗಮವು ಅಪಘಾತವಿಲ್ಲದೆ 5 ವರ್ಷ ನಡೆಸಿದವರಿಗೆ ಬೆಳ್ಳಿಯ ಪದಕ, 15 ವರ್ಷ ನಡೆಸಿದವರಿಗೆ ಚಿನ್ನದ ಪದಕ ಕೊಡುವ ಪದ್ಧತಿಯನ್ನು ಬೆಳೆಸಿತು. ಎದೆಯ ಮೇಲೆ ಅಂಥ ಪದಕ ಧರಿಸಿದ ಚಾಲಕರನ್ನು ನೋಡಿದಾಗಲೆಲ್ಲ ನಾನು ಕೈಮುಗಿದಿದ್ದೇನೆ. ಯುದ್ಧ ಗೆದ್ದವನಿಗೆ ಪದಕ ಕೊಡುವುದು ಲೋಕರೂಢಿ. ಏನೂ ಆಗದಂತೆ ನೋಡಿಕೊಂಡವನಿಗೆ ಪದಕ ಕೊಡುವುದು ದೊಡ್ಡ ವಿಚಾರ.

ಇನ್ನು ನನ್ನ ಕಥೆಗೆ ಬರುತ್ತೇನೆ.

1984ರಲ್ಲಿ ನಾನು ನಮ್ಮ ಭಾಗದ ಒಂದು ಪ್ರೌಢಶಾಲೆಯಲ್ಲಿದ್ದೆ. ಶಾಲೆಯ ಹೆಸರು, ಬಸ್ಸು ಯಾರದೆಂಬುದು ಇಲ್ಲಿ ಬೇಡ. ಸುತ್ತಲಿನ ಆರೇಳು ಹಳ್ಳಿಗಳ ಮಕ್ಕಳಿಗೆ ಬೆಳಿಗ್ಗೆ ಇದ್ದದ್ದು ಒಂದೇ ಬಸ್ಸು. ಅದು ಊರು ಮುಟ್ಟುವ ಹೊತ್ತಿಗೂ ನಮ್ಮ ಪ್ರಾರ್ಥನೆಯ ಗಂಟೆಗೂ ಐದು ನಿಮಿಷದ ವ್ಯತ್ಯಾಸ. ಬಸ್ಸು ಐದು ನಿಮಿಷ ತಡವಾದರೆ ಮಕ್ಕಳೂ ತಡ. ನಾನು ಶಿಸ್ತಿನ ಮೇಷ್ಟ್ರೆಂದು ಹೆಸರು ಮಾಡಿದ್ದೆ. ತಡವಾಗಿ ಬಂದವರನ್ನು ಗೇಟಿನ ಹೊರಗೆ ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದೆ. ನಿಮ್ಮಲ್ಲಿ ಕೆಲವರು ಆ ಬಿಸಿಲನ್ನು ಮರೆತಿರಲಾರಿರಿ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ. ಹಿಂದಿನ ರಾತ್ರಿ ಮಳೆಯಾಗಿತ್ತು. ನಮ್ಮ ಎರೆಮಣ್ಣಿನ ಗುಣ ನಿಮಗೆ ಗೊತ್ತು: ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಮೊದಲು ಅಂಚಿನಲ್ಲಿ ಕುಸಿಯುತ್ತದೆ. ಅಂದು ಬಸ್ಸಿನ ಬಾಗಿಲಿನಲ್ಲಿ ಆರೇಳು ಹುಡುಗರು ಜೋತುಬಿದ್ದಿದ್ದರು. ಎದುರಿನಿಂದ ಹೇರು ತುಂಬಿದ ಟ್ರ್ಯಾಕ್ಟರ್ ಬಂತು. ಚಾಲಕ ಎಡಕ್ಕೆ ಸರಿದ. ಎಡಗಾಲಿ ಅಂಚಿನಿಂದ ಕೆಳಗಿಳಿದು ಬಸ್ಸು ವಾಲಿತು. ರಸ್ತೆಬದಿಯ ಜಾಲಿಮರದ ಕೊಂಬೆ ಬಾಗಿಲನ್ನು ಸವರಿಕೊಂಡು ಹೋಯಿತು. ಕೊನೆಯಲ್ಲಿ ಜೋತುಬಿದ್ದಿದ್ದ ಒಂಬತ್ತನೆಯ ತರಗತಿಯ ಹುಡುಗ ಬಿದ್ದ. ಹಿಂದಿನ ಗಾಲಿ ಅವನ ಬಲಪಾದದ ಮೇಲೆ ಹಾಯಿತು.

ಆಂಬುಲೆನ್ಸು ಎಂಬುದನ್ನು ಆಗ ನಾವು ಕೇಳಿದ್ದೆವೇ ಹೊರತು ಕಂಡಿರಲಿಲ್ಲ. ಪೋಲೀಸು, ಕೋರ್ಟು ಎಂದು ಹೆದರಿ ಒಂದೆರಡು ವಾಹನಗಳು ನಿಲ್ಲದೆ ಹೋದವು. ಕೊನೆಗೆ ಇಟ್ಟಿಗೆ ಇಳಿಸಿ ಮರಳುತ್ತಿದ್ದ ಲಾರಿಯೊಂದರಲ್ಲಿ, ನನ್ನ ಪಂಚೆಯಿಂದ ಅವನ ಕಾಲನ್ನು ಬಿಗಿದು, ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಒಯ್ದೆವು. ಜೀವ ಉಳಿಯಿತು, ಪಾದ ಉಳಿಯಲಿಲ್ಲ. ಅವನು ಮತ್ತೆ ಶಾಲೆಗೆ ಬರಲಿಲ್ಲ.

ಮರುದಿನ ಶಾಲೆಯಲ್ಲಿ ಎಲ್ಲರೂ ಒಂದೇ ಮಾತು ಆಡಿದರು: "ಹುಡುಗರು ಎಷ್ಟು ಹೇಳಿದರೂ ಕೇಳುವುದಿಲ್ಲ, ಬಾಗಿಲಿನಲ್ಲೇ ನೇತಾಡುತ್ತಾರೆ." ನಾನೂ ತಲೆಯಾಡಿಸಿದೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಆ ಬಸ್ಸು ತಪ್ಪಿದರೆ ಅವನು ಮಧ್ಯಾಹ್ನದವರೆಗೆ ಶಾಲೆ ಕಾಣುತ್ತಿರಲಿಲ್ಲ. ತಡವಾಗಿ ಬಂದರೆ ನನ್ನ ಗೇಟು ಮುಚ್ಚಿರುತ್ತಿತ್ತು. ಬಾಗಿಲಿನಲ್ಲಿ ಜೋತುಬೀಳಬೇಡ ಎಂದು ಹೇಳಿದವನೂ ನಾನೇ; ಜೋತುಬೀಳದೆ ಬೇರೆ ದಾರಿ ಇಲ್ಲದಂತೆ ಮಾಡಿದವರಲ್ಲಿ ಒಬ್ಬನೂ ನಾನೇ.

ವಾರದೊಳಗೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಪ್ರಾರ್ಥನೆಯ ಗಂಟೆಯನ್ನು ಹದಿನೈದು ನಿಮಿಷ ಮುಂದಕ್ಕೆ ಹಾಕಿದೆವು, ಬಸ್ಸಿನ ಮಕ್ಕಳಿಗೆ ತಡವೆಂಬ ಶಿಕ್ಷೆಯನ್ನು ನಿಲ್ಲಿಸಿದೆವು. ಅದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಊರ ಹಿರಿಯರ ಸಹಿ ಹಾಕಿಸಿ ಇನ್ನೊಂದು ಟ್ರಿಪ್ಪಿಗೆ ಅರ್ಜಿ ಬರೆದೆವು. ಅರ್ಜಿಯ ಮೇಲೆ ಅರ್ಜಿ. ವರ್ಷ ಕಳೆದ ಮೇಲೆ ಬೆಳಿಗ್ಗೆಗೆ ಎರಡನೆಯ ಬಸ್ಸು ಬಂತು. ಅದು ಬಂದ ದಿನ ಊರವರು ಚಾಲಕನಿಗೆ ಹಾರ ಹಾಕಿದರು. ನಾನು ಹಿಂದೆ ನಿಂತು ನೋಡಿದೆ. ಮೊದಲನೆಯ ಬಸ್ಸಿನ ಬಾಗಿಲು ಅಂದಿನಿಂದ ಖಾಲಿಯಾಯಿತು. ಮಕ್ಕಳಿಗೆ ಯಾರೂ ಹೊಸದಾಗಿ ಬುದ್ಧಿ ಹೇಳಿರಲಿಲ್ಲ. ಒಳಗೆ ಜಾಗ ಸಿಕ್ಕಿತ್ತು, ಅಷ್ಟೆ.

ಇತಿಹಾಸಕ್ಕೆ ಮರಳೋಣ. 1982ರ ತಿದ್ದುಪಡಿಯಲ್ಲಿ, ತಪ್ಪು ಯಾರದೆಂದು ಸಾಬೀತಾಗುವವರೆಗೆ ಕಾಯದೆ ಸತ್ತವರ ಕುಟುಂಬಕ್ಕೂ ಶಾಶ್ವತವಾಗಿ ಅಂಗವಿಕಲರಾದವರಿಗೂ ಒಂದು ನಿಶ್ಚಿತ ಮೊತ್ತ ಕೊಡಬೇಕೆಂಬ ತತ್ವ ಬಂದಿತ್ತು. ಬಳಿಕ 1988ರ ಹೊಸ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಯಾಯಿತು. ಅರ್ಹತಾಪತ್ರ, ಚಾಲಕನ ಕಣ್ಣು ಮತ್ತು ಆರೋಗ್ಯದ ತಪಾಸಣೆ, ತುರ್ತು ಬಾಗಿಲು ಮುಂತಾದವು ನಿಯಮಗಳಲ್ಲಿ ಗಟ್ಟಿಯಾದವು. ಸಾರಿಗೆ ನಿಗಮವೂ ಹಲವಾಯಿತು: 1997ರಲ್ಲಿ ಬೆಂಗಳೂರು ನಗರಕ್ಕೂ ವಾಯವ್ಯ ಭಾಗಕ್ಕೂ ಬೇರೆ ಸಂಸ್ಥೆಗಳಾದವು, 2000ದಲ್ಲಿ ಈಶಾನ್ಯ ಸಾರಿಗೆ ಹುಟ್ಟಿತು. ಕಲಬುರಗಿ ಅದರ ಕೇಂದ್ರ, ನಮ್ಮ ಬಳ್ಳಾರಿ ಅದರ ಒಂದು ವಿಭಾಗ. 2021ರಲ್ಲಿ ಅದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಎಂಬ ಹೆಸರು ಪಡೆಯಿತು.

ನಾನು ನಿವೃತ್ತನಾದದ್ದು 2003ರಲ್ಲಿ. ಅದೇ ಹೊತ್ತಿಗೆ ನಮ್ಮ ಜಿಲ್ಲೆಯ ರಸ್ತೆಗಳಿಗೆ ದೊಡ್ಡ ಗಂಡಾಂತರ ಬಂತು. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿತು. ಸಂಡೂರು, ಹೊಸಪೇಟೆ, ಬಳ್ಳಾರಿಯ ದಾರಿಗಳ ಮೇಲೆ ಹಗಲು ರಾತ್ರಿ ಅದಿರು ಲಾರಿಗಳ ಸಾಲು. ಮಿತಿಮೀರಿ ಹೇರಿದ ಲಾರಿಯ ಭಾರವನ್ನು ತಾಳುವಂತೆ ಆ ರಸ್ತೆಗಳನ್ನು ಕಟ್ಟಿರಲಿಲ್ಲ. ಆಗ 63ನೆಯ ಸಂಖ್ಯೆಯ ಹೆದ್ದಾರಿಯಾಗಿದ್ದ, ಈಗ 67 ಎಂದು ಕರೆಯುವ ದಾರಿಯಲ್ಲಿ ಹೊಸಪೇಟೆಗೆ ಬಸ್ಸಿನಲ್ಲಿ ಹೋಗುವುದೆಂದರೆ ಕೆಂಪು ಧೂಳಿನ ನಡುವೆ ಗುಂಡಿಯಿಂದ ಗುಂಡಿಗೆ ಹಾರುವುದು. ಬಸ್ಸಿನ ಚಾಲಕ ಎಷ್ಟೇ ಜಾಗರೂಕನಾಗಿದ್ದರೂ ಆ ಧೂಳಿನಲ್ಲಿ ಎದುರಿನ ದೀಪವೇ ಕಾಣುತ್ತಿರಲಿಲ್ಲ. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಸಲ್ಲಿಕೆಯಾಯಿತು. ಎರಡು ದಿನಗಳ ನಂತರ ಸರ್ವೋಚ್ಚ ನ್ಯಾಯಾಲಯ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅದು ಬೆಟ್ಟಗಳ, ಬೊಕ್ಕಸದ ಮೊಕದ್ದಮೆಯೆಂದು ಎಲ್ಲರೂ ತಿಳಿದಿದ್ದಾರೆ. ಬಸ್ಸಿನ ಕಿಟಕಿಯ ಬಳಿ ಕುಳಿತವನಿಗೆ ಅದು ಬದುಕುಳಿಯುವ ಪ್ರಶ್ನೆಯೂ ಆಗಿತ್ತು.

ದೊಡ್ಡ ದುರಂತಗಳು ನಮಗೆ ಕಲಿಸಿದ ಪಾಠಗಳೂ ಇವೆ. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು, ಆಗಿನ ಮಹಬೂಬನಗರ ಜಿಲ್ಲೆಯ ಪಾಲೆಂ ಬಳಿ ಸೇತುವೆಯ ಕಟ್ಟೆಗೆ ಬಡಿದು ಹೊತ್ತಿ ಉರಿದು 45 ಜನ ಸತ್ತರು. ಹದಿನೈದು ದಿನಗಳ ನಂತರ, ನವೆಂಬರ್ 14ರಂದು, ಹಾವೇರಿಯ ಬಳಿ ಇನ್ನೊಂದು ಬಸ್ಸು ಅದೇ ರೀತಿ ಉರಿದು 7 ಜನ ಹೋದರು. ಬಡಿತಕ್ಕಿಂತ ಹೆಚ್ಚಾಗಿ ಅವರನ್ನು ಕೊಂದದ್ದು ಹೊರಬರಲಾಗದ ಸ್ಥಿತಿ. ತುರ್ತು ಬಾಗಿಲು, ಗಾಜು ಒಡೆಯುವ ಸುತ್ತಿಗೆ, ಅಗ್ನಿಶಾಮಕ ಇವುಗಳ ಮಾತು ಅಂದಿನಿಂದ ಮನೆಮನೆಯ ಮಾತಾಯಿತು. ಆದರೂ 2025ರ ಅಕ್ಟೋಬರ್ 24ರಂದು ನಮ್ಮ ನೆರೆಯ ಕರ್ನೂಲಿನ ಬಳಿ, ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಬಸ್ಸಿನಡಿ ಬೈಕ್ ಸಿಲುಕಿ ಬೆಂಕಿ ಹೊತ್ತಿ, ಮಲಗಿದ್ದವರು ಮಲಗಿದಲ್ಲಿಯೇ ಬೆಂದರು. ಹನ್ನೆರಡು ವರ್ಷದ ಹಿಂದಿನ ಪಾಠವನ್ನು ನಾವು ಪೂರ್ತಿ ಕಲಿತಿರಲಿಲ್ಲ.

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಜಲಸಮಾಧಿಯಾದರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಆ ಸುದ್ದಿ ಓದಿದ ದಿನ ನನಗೆ ಅನ್ನ ಇಳಿಯಲಿಲ್ಲ. ಏಕೆಂದರೆ ನಮ್ಮದೂ ಕಾಲುವೆಗಳ ಸೀಮೆ. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ, ಕೆಳಮಟ್ಟದ ಕಾಲುವೆ ನಮ್ಮ ಎರೆಭೂಮಿಗೆ ಭತ್ತವನ್ನು ಕೊಟ್ಟವು, ಸಿರುಗುಪ್ಪವನ್ನು ಭತ್ತದ ಕಣಜ ಮಾಡಿದವು. ಜೊತೆಗೆ ಎಷ್ಟೋ ದಾರಿಗಳ ಮಗ್ಗುಲಲ್ಲೇ ಆಳವಾದ ನೀರನ್ನೂ ಹರಿಸಿದವು. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿ ತಾಲ್ಲೂಕಿನ ಕೊಳಗಲ್ಲಿನ ಬಳಿ ಕೂಲಿಗೆ ಹೊರಟಿದ್ದ ಹೆಂಗಸರ ಆಟೋ ಕಾಲುವೆಗೆ ಬಿದ್ದು ಪ್ರಾಣಗಳು ಹೋದದ್ದು ನಿಮಗೆ ನೆನಪಿರಬಹುದು. ತಿರುವಿನಲ್ಲಿ ಒಂದು ಗಟ್ಟಿ ತಡೆಗೋಡೆ ಎಷ್ಟು ಮನೆಗಳ ದೀಪ ಉಳಿಸೀತೆಂದು ಲೆಕ್ಕ ಹಾಕುವವರು ಯಾರು?

ನಾನು ಇತ್ತೀಚೆಗೆ ಓದಿ ತಿಳಿದ ಒಂದು ವಿಷಯ ಇಲ್ಲಿ ಹೇಳಬೇಕು. 1997ರಲ್ಲಿ ಸ್ವೀಡನ್ ದೇಶದ ಸಂಸತ್ತು ಒಂದು ನೀತಿಯನ್ನು ಒಪ್ಪಿತು. ರಸ್ತೆಯಲ್ಲಿ ಒಂದು ಸಾವೂ ಆಗಬಾರದೆಂಬುದು ಅದರ ಗುರಿ. ಅದರ ಹಿಂದಿನ ವಿಚಾರ ಸರಳ: ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಶಿಕ್ಷೆ ಮರಣವಾಗಬಾರದು, ಆದ್ದರಿಂದ ರಸ್ತೆಯನ್ನು, ವಾಹನವನ್ನು, ವೇಗವನ್ನು ಮನುಷ್ಯನ ತಪ್ಪನ್ನು ತಾಳಿಕೊಳ್ಳುವಂತೆ ಕಟ್ಟಬೇಕು. ಅಲ್ಲಿ ಅಪಘಾತವಾದರೆ "ಯಾರು ತಪ್ಪು ಮಾಡಿದರು" ಎಂದು ಕೇಳಿ ಸುಮ್ಮನಾಗುವುದಿಲ್ಲ, "ಈ ಜಾಗದಲ್ಲಿ ಇದು ಏಕೆ ಆಯಿತು" ಎಂದೂ ಕೇಳುತ್ತಾರೆ. ನಮ್ಮ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರೆಂದು ಸರಕಾರದ ಲೆಕ್ಕವೇ ಹೇಳುತ್ತದೆ. ಇಷ್ಟೂ ಜನ ಬುದ್ಧಿಯಿಲ್ಲದೆ ಸತ್ತರೆಂದು ಹೇಳಿ ಕೈತೊಳೆದುಕೊಳ್ಳಲು ಸಾಧ್ಯವೆ?

ನಮ್ಮಲ್ಲಿಯೂ ಒಳ್ಳೆಯ ಬದಲಾವಣೆಗಳು ಆಗಿವೆ. 2008ರ ನವೆಂಬರ್ 1ರಿಂದ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸು ಬರುತ್ತದೆ. 2015ರ ಕೇಂದ್ರ ನಿಯಮವು ಸಾರಿಗೆ ವಾಹನಗಳಿಗೆ ವೇಗ ನಿಯಂತ್ರಕವನ್ನು ಕಡ್ಡಾಯಗೊಳಿಸಿತು. ಗಾಯಾಳುವಿಗೆ ನೆರವಾದವನನ್ನು ಪೋಲೀಸರು ಪೀಡಿಸಬಾರದೆಂಬ ಮಾರ್ಗಸೂಚಿಗೆ 2016ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಅದು ಕಾಯ್ದೆಯೇ ಆಯಿತು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕು ದೇಹ ತುಂಡಾದರೂ ತನ್ನ ಕಣ್ಣುಗಳನ್ನು ದಾನ ಮಾಡಿ ಎಂದು ಹೇಳಿ ಪ್ರಾಣ ಬಿಟ್ಟ ಹರೀಶ್ ಎಂಬ ತರುಣನ ಹೆಸರಿನಲ್ಲಿ, ಗಾಯಾಳುಗಳಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗೆ ನೆರವಾಗುವ ಯೋಜನೆಯನ್ನು ರಾಜ್ಯ ಸರಕಾರ ತಂದಿತು. 2017ರಲ್ಲಿ ರಾಜ್ಯ ರಸ್ತೆ ಸುರಕ್ಷತಾ ಪ್ರಾಧಿಕಾರಕ್ಕೆ ಕಾಯ್ದೆಯಾಯಿತು. ಆ ಇಟ್ಟಿಗೆಯ ಲಾರಿಯವನಿಗೆ 1984ರಲ್ಲಿ ಈ ರಕ್ಷಣೆ ಯಾವುದೂ ಇರಲಿಲ್ಲ. ಆದರೂ ಅವನು ನಿಲ್ಲಿಸಿದ. ಅವನ ಹೆಸರನ್ನು ಕೇಳಲಿಲ್ಲವೆಂಬ ಕೊರಗು ನನಗಿದೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು, ಹೆಣ್ಣುಮಕ್ಕಳು ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲದೆ ಓಡಾಡುವಂತಾಯಿತು. ಕಾಲೇಜಿಗೆ ಹೋಗುವ ಹುಡುಗಿಯರನ್ನು, ಆಸ್ಪತ್ರೆಗೆ ಹೊರಟ ತಾಯಂದಿರನ್ನು ನೋಡಿದಾಗ ನನಗೆ ಸಂತೋಷವಾಗುತ್ತದೆ. ಹತ್ತನೆಯ ತರಗತಿಗೆ ಶಾಲೆ ಬಿಟ್ಟ ನನ್ನ ಜಾಣ ವಿದ್ಯಾರ್ಥಿನಿಯರ ಮುಖಗಳು ನೆನಪಾಗುತ್ತವೆ. ಆದರೆ ಬೆಳಿಗ್ಗೆಯ ಬಸ್ಸುಗಳಲ್ಲಿ ಮತ್ತೆ ಬಾಗಿಲವರೆಗೂ ಜನ. ಇದಕ್ಕೆ ಹೆಣ್ಣುಮಕ್ಕಳನ್ನು ದೂರುವವರು ಇದ್ದಾರೆ. ಅದು ನಾನು 1984ರಲ್ಲಿ ತಲೆಯಾಡಿಸಿದ ಮಾತಿನಂಥದೇ ಮಾತು. ಜನ ಹೆಚ್ಚಾದರೆ ಬಸ್ಸು ಹೆಚ್ಚಾಗಬೇಕು. ಅದರಲ್ಲೂ ಶಾಲೆಯ ಹೊತ್ತಿಗೆ ಹೆಚ್ಚಾಗಬೇಕು. ಬಸ್ಸು ಬರುವವರೆಗೆ ಶಾಲೆಯ ಗಂಟೆ ಕಾಯಬಹುದು.

ರೈತರಿಗೂ ಒಂದು ಮಾತು. ಜೋಳದ, ಹುರುಳಿಯ ಕಟಾವನ್ನು ರಸ್ತೆಯ ಮೇಲೆ ಹರಡಿ ಗಾಲಿಗಳಿಂದ ಒಕ್ಕಣೆ ಮಾಡಿಸುವ ಪದ್ಧತಿಯನ್ನು ದಯವಿಟ್ಟು ಬಿಡಿ. ಕಾಳಿನ ಮೇಲೆ ಬ್ರೇಕು ಹಿಡಿಯುವುದಿಲ್ಲ; ಸೊಪ್ಪೆ ಬಿಸಿಯಾದ ಭಾಗಗಳಿಗೆ ಸುತ್ತಿ ಬೆಂಕಿ ಹತ್ತಿದ ನಿದರ್ಶನಗಳಿವೆ. ಹತ್ತಿ ಹೇರಿದ ಟ್ರ್ಯಾಕ್ಟರಿನ ಹಿಂದೆ ಮಿನುಗುವ ಕೆಂಪು ಪಟ್ಟಿ ಅಂಟಿಸಿ. ಅದರ ಬೆಲೆ ಒಂದು ಊಟದಷ್ಟೂ ಇಲ್ಲ.

ಕೊನೆಯದಾಗಿ, ಆ ಹುಡುಗನ ವಿಷಯ. 2006ರಲ್ಲಿ ಬಳ್ಳಾರಿಯಲ್ಲಿ ನನ್ನ ಸೈಕಲ್ಲಿಗೆ ಪಂಚರ್ ಹಾಕಿಸಲು ಒಂದು ಅಂಗಡಿಯ ಮುಂದೆ ನಿಂತೆ. ಅಂಗಡಿಯವನು ಎದ್ದು ಕುಂಟುತ್ತಾ ಬಂದು ನಮಸ್ಕಾರ ಮಾಡಿದ. ಇಪ್ಪತ್ತೆರಡು ವರ್ಷಗಳಾಗಿದ್ದರೂ ಗುರುತು ಹಿಡಿದೆ. ಹೆಂಡತಿ, ಇಬ್ಬರು ಮಕ್ಕಳು, ಸ್ವಂತ ಅಂಗಡಿ. ಚಹಾ ತರಿಸಿದ. ನನಗೆ ಚಹಾ ಗಂಟಲಿನಲ್ಲಿ ಇಳಿಯಲಿಲ್ಲ. ಅಷ್ಟು ವರ್ಷ ಹೇಳಬೇಕೆಂದಿದ್ದ ಮಾತನ್ನು ಕೊನೆಗೂ ಹೇಳಿದೆ: "ನಾನು ಗೇಟು ಮುಚ್ಚುತ್ತಿದ್ದೆನಲ್ಲಪ್ಪಾ, ಆ ಹೆದರಿಕೆಗೆ ನೀನು ಜೋತುಬಿದ್ದೆ."

ಅವನು ಟ್ಯೂಬಿನಿಂದ ಕಣ್ಣೆತ್ತದೆ ಹೇಳಿದ: "ನಿಮ್ಮ ಬೈಗುಳಕ್ಕಲ್ಲ ಬಿಡ್ರಿ ಸಾರ್. ಒಳಗ ಜಾಗ ಇದ್ದಿಲ್ಲ."

ಅವನು ನನ್ನನ್ನು ಕ್ಷಮಿಸಲು ಆಡಿದ ಮಾತೋ, ಇದ್ದದ್ದನ್ನು ಇದ್ದಂತೆ ಹೇಳಿದ ಮಾತೋ ನನಗೆ ತಿಳಿಯಲಿಲ್ಲ. ಆದರೆ ಸುರಕ್ಷತೆಯ ಬಗ್ಗೆ ಅದಕ್ಕಿಂತ ದೊಡ್ಡ ಪಾಠವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ನಿಮ್ಮಲ್ಲಿ ಕೆಲವರು ಇಂದು ಚಾಲಕರಾಗಿದ್ದೀರಿ, ನಿರ್ವಾಹಕರಾಗಿದ್ದೀರಿ. ಕೆಲವರು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರುಗಳು, ಕೆಲವರು ಪಂಚಾಯತಿಯ ಸದಸ್ಯರು, ಹಲವರು ನನ್ನಂತೆಯೇ ಮೇಷ್ಟ್ರುಗಳು. ನಿಮ್ಮ ನಿಮ್ಮ ಊರಿನ ಬೆಳಗಿನ ಬಸ್ಸಿನ ಬಾಗಿಲನ್ನು ಒಂದು ದಿನ ನಿಂತು ನೋಡಿ. ಅಲ್ಲಿ ಎಷ್ಟು ಮಕ್ಕಳು ಜೋತುಬಿದ್ದಿದ್ದಾರೆಂದು ಎಣಿಸಿ. ಅವರಿಗೆ ಬುದ್ಧಿ ಹೇಳುವುದಕ್ಕೆ ಮೊದಲು, ಒಳಗೆ ಜಾಗ ಇದೆಯೇ ಎಂದು ಇಣುಕಿ ನೋಡಿ. ಇಲ್ಲವಾದರೆ ಒಂದು ಅರ್ಜಿ ಬರೆಯಿರಿ. ಉತ್ತರ ಬರದಿದ್ದರೆ ಇನ್ನೊಂದು ಬರೆಯಿರಿ. ಅರ್ಜಿ ಬರೆಯುವುದನ್ನು ನಾನೇ ನಿಮಗೆ ಕಲಿಸಿದ್ದೇನೆ. ಹತ್ತು ಅಂಕದ ಪ್ರಶ್ನೆ ಅದು.

ಎಲ್ಲರಿಗೂ ಒಳ್ಳೆಯದಾಗಲಿ.

ಇಂತಿ,
ನಿಮ್ಮ ಮೇಷ್ಟ್ರು